ಬ್ಯಾಟಿನಿಂದ ಮುಖದವರೆಗೆ: ಬೇಸ್‌ಬಾಲ್ ಕ್ಷೇತ್ರರಕ್ಷಕರ ಪ್ರತಿಕ್ರಿಯಾ ಕಾಲದ ಚರಿತ್ರೆ

ಬೇಸ್‌ಬಾಲ್ ಮೈದಾನದಲ್ಲಿ ಚೆಂಡೆಸೆಯುವವನು, ಅಂದರೆ ಪಿಚರ್, ಕಾಲೂರಿ ನಿಲ್ಲುವ ಬಿಳಿಯ ರಬ್ಬರ್ ಪಟ್ಟಿಗೂ ದಾಂಡಿಗನ ಬಳಿಯಿರುವ ಹೋಮ್ ಪ್ಲೇಟ್ ಎಂಬ ಐದು ಮೂಲೆಯ ಫಲಕಕ್ಕೂ ನಡುವೆ 60 ಅಡಿ 6 ಅಂಗುಲಗಳ ಅಂತರವಿರಬೇಕೆಂಬ ನಿಯಮ 1893ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದಿತು, ಮತ್ತು ಅದು ಇಂದಿಗೂ ಬದಲಾಗದೆ ಉಳಿದಿದೆ. ಕ್ರಿಕೆಟ್ಟಿನ 22 ಗಜಗಳಿಗಿಂತ ಇದು ಐದೂವರೆ ಅಡಿ ಕಡಿಮೆ. ಎಸೆತದ ಭರದಲ್ಲಿ ಪಿಚರ್ ಮುಂದಕ್ಕೆ ಉದ್ದನೆಯ ಹೆಜ್ಜೆಯಿಡುವುದರಿಂದ, ಚೆಂಡು ಬ್ಯಾಟಿಗೆ ತಗಲುವ ಹೊತ್ತಿಗೆ ಅವನ ಮುಖ ಹೋಮ್ ಪ್ಲೇಟಿನಿಂದ ಸುಮಾರು 55 ಅಡಿಗಳಷ್ಟೇ ದೂರದಲ್ಲಿರುತ್ತದೆ. ಗಂಟೆಗೆ 100 ಮೈಲಿ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 147 ಅಡಿಯಂತೆ, ನೆಟ್ಟಗೆ ಹಿಂದಿರುಗಿ ಬರುವ ಹೊಡೆತಕ್ಕೆ ಆ ದೂರವನ್ನು ಕ್ರಮಿಸಲು ಸೆಕೆಂಡಿನ ಹತ್ತು ಭಾಗಗಳಲ್ಲಿ ನಾಲ್ಕು ಭಾಗವೂ ಬೇಡ. ವೃತ್ತಿಪರ ಆಟದಲ್ಲಿ 120 ಮೈಲಿ ಮೀರಿದ ಹೊಡೆತಗಳೂ ದಾಖಲಾಗಿವೆ. ಓಟಗಾರ ಮುಟ್ಟಿಕೊಂಡು ಸಾಗಬೇಕಾದ ಬೇಸ್ ಎಂಬ ಗುರುತುಗಳಲ್ಲಿ ಮೂರನೆಯದರ ಬಳಿ ನಿಲ್ಲುವ ಕ್ಷೇತ್ರರಕ್ಷಕನಿಗೆ 90 ಅಡಿಗಳ ಅಂತರ ದೊರೆಯುತ್ತದೆಯಾದರೂ, ದಾಂಡಿಗನು ಬ್ಯಾಟನ್ನು ಮೃದುವಾಗಿ ಒಡ್ಡಿ ಚೆಂಡನ್ನು ಹತ್ತಿರದಲ್ಲೇ ಬೀಳಿಸುವ 'ಬಂಟ್' ಎಂಬ ತಂತ್ರದ ನಿರೀಕ್ಷೆಯಲ್ಲಿ ಅವನು ಮುಂದೆ ಸರಿದು ನಿಂತಾಗ ಆ ಅಂತರವೂ ಕರಗುತ್ತದೆ. ಆ ಸ್ಥಾನಕ್ಕೆ ಅಮೆರಿಕನ್ನರು 'ಹಾಟ್ ಕಾರ್ನರ್', ಬಿಸಿಮೂಲೆ, ಎಂದು ಹೆಸರಿಟ್ಟದ್ದು ಅಲಂಕಾರಕ್ಕಲ್ಲ.

ಈ ಅಲ್ಪ ಅವಧಿಯಲ್ಲಿ ಮನುಷ್ಯದೇಹ ಏನನ್ನು ಮಾಡಬಲ್ಲದು ಎಂಬ ಪ್ರಶ್ನೆಗೆ ಬೇಸ್‌ಬಾಲಿಗಿಂತ ಹಳೆಯ ಚರಿತ್ರೆಯಿದೆ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ಮುಖ್ಯ ಖಗೋಳಜ್ಞನಾಗಿದ್ದ ನೆವಿಲ್ ಮಾಸ್ಕೆಲಿನ್, ನಕ್ಷತ್ರಗಳು ದೂರದರ್ಶಕದ ತಂತಿಯನ್ನು ಹಾಯುವ ಕಾಲವನ್ನು ತನಗಿಂತ ಸೆಕೆಂಡಿನ ಹತ್ತರಲ್ಲಿ ಎಂಟು ಭಾಗದಷ್ಟು ತಡವಾಗಿ ಬರೆಯುತ್ತಿದ್ದನೆಂದು ಡೇವಿಡ್ ಕಿನ್ನೆಬ್ರೂಕ್ ಎಂಬ ಸಹಾಯಕನನ್ನು 1796ರಲ್ಲಿ ಕೆಲಸದಿಂದ ತೆಗೆದನು. ಅದು ಕಿನ್ನೆಬ್ರೂಕನ ಸೋಮಾರಿತನವಲ್ಲ, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಒಂದು ಸಹಜ ವ್ಯತ್ಯಾಸ ಎಂಬುದು ವಿದ್ವಾಂಸರಿಗೆ ಹೊಳೆಯಲು ಕಾಲು ಶತಮಾನ ಬೇಕಾಯಿತು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂದೇಶ ಸಾಗುವ ವೇಗವನ್ನು ಅಳೆದು, ಅದು ಮಿಂಚಿನಂತೆ ತತ್‌ಕ್ಷಣದ್ದಲ್ಲ, ಸೆಕೆಂಡಿಗೆ ಕೆಲವೇ ಹತ್ತು ಮೀಟರುಗಳದ್ದು ಎಂದು ತೋರಿಸಿದನು. 1868ರಲ್ಲಿ ಹಾಲೆಂಡಿನ ಊಟ್ರೆಕ್ಟ್ ನಗರದ ವೈದ್ಯ ಡಾಂಡರ್ಸ್, ಪ್ರಚೋದನೆ ಒಂದೇ ಇದ್ದಾಗ ಹಿಡಿಯುವ ಕಾಲಕ್ಕಿಂತ ಎಡವೋ ಬಲವೋ ಎಂದು ತೀರ್ಮಾನಿಸಬೇಕಾದಾಗ ಹಿಡಿಯುವ ಕಾಲ ಸೆಕೆಂಡಿನ ಹದಿನೈದರಲ್ಲಿ ಒಂದು ಭಾಗದಷ್ಟು ಹೆಚ್ಚೆಂದು ಕಂಡುಕೊಂಡನು. ಪ್ರಚೋದನೆ ಒದಗಿದ ಗಳಿಗೆಯಿಂದ ದೇಹ ಅಲುಗಲು ತೊಡಗುವ ಗಳಿಗೆಯವರೆಗಿನ ಈ ಅವಧಿಯೇ ಪ್ರತಿಕ್ರಿಯಾ ಕಾಲ. ದೀಪ ಹೊತ್ತಿಕೊಂಡೊಡನೆ ಗುಂಡಿ ಒತ್ತುವಂತಹ ಸರಳ ಕೆಲಸಕ್ಕೇ ಆರೋಗ್ಯವಂತ ಯುವಕರಿಗೆ ಸೆಕೆಂಡಿನ ಐದರಲ್ಲಿ ಒಂದು ಭಾಗ ಬೇಕಾಗುತ್ತದೆ. ಕ್ಷೇತ್ರರಕ್ಷಕನ ಕೆಲಸವಾದರೋ ಸರಳವಲ್ಲ: ಚೆಂಡು ಎಡಕ್ಕೆ ಬರುತ್ತಿದೆಯೇ ಬಲಕ್ಕೆ ಬರುತ್ತಿದೆಯೇ, ನೆಲಕ್ಕೆ ಬಡಿದು ಏಳುತ್ತದೆಯೇ, ಹಿಡಿಯಬೇಕೇ ತಲೆ ತಗ್ಗಿಸಬೇಕೇ ಎಂಬುದನ್ನೆಲ್ಲ ತೀರ್ಮಾನಿಸಿ, ಆಮೇಲೆ ಸೊಂಟದ ಮಟ್ಟದಲ್ಲಿರುವ ಕೈಯನ್ನು ಮುಖದ ಮಟ್ಟಕ್ಕೆ ಎತ್ತಬೇಕು. ನಮ್ಮ 'ನಿಮಿಷ' ಎಂಬ ಮಾತು ಗಡಿಯಾರದ ಅರವತ್ತು ಸೆಕೆಂಡಾಗುವುದಕ್ಕೆ ಮೊದಲು ಎವೆಯಿಕ್ಕುವ ಕಾಲಕ್ಕೆ ಸಲ್ಲುತ್ತಿತ್ತು. ಆ ಹಳೆಯ ಅರ್ಥದಲ್ಲಿ ಹೇಳುವುದಾದರೆ, ಪಿಚರನಿಗೆ ಉಳಿಯುವುದು ಹೆಚ್ಚೆಂದರೆ ಒಂದು ನಿಮಿಷ.

ಈ ಅವಧಿಯನ್ನು ಆಟದ ನಿಯಮಗಳೂ ಸಲಕರಣೆಗಳೂ ಒಮ್ಮೆ ಹಿಗ್ಗಿಸುತ್ತ ಒಮ್ಮೆ ಕುಗ್ಗಿಸುತ್ತ ಬಂದ ಬಗೆಯನ್ನು ನೋಡಿದರೆ, ಬೇಸ್‌ಬಾಲಿನಲ್ಲಿ ಮುಖಕ್ಕೆ ದೊರೆತ ಮೊದಲನೆಯ ರಕ್ಷೆ ತಂತಿಯ ಬಲೆಯಾಗಲಿ ಚರ್ಮದ ಗವಸಾಗಲಿ ಅಲ್ಲ, ಬರಿಯ ದೂರವೇ ಎಂಬುದು ತಿಳಿಯುತ್ತದೆ. 1850ರ ದಶಕದ ನ್ಯೂಯಾರ್ಕಿನ ಆಟದಲ್ಲಿ ಪಿಚರನಿಗೂ ಹೋಮ್ ಪ್ಲೇಟಿಗೂ ನಡುವೆ 45 ಅಡಿ ಮಾತ್ರವಿದ್ದರೂ, ಅವನು ಚೆಂಡನ್ನು ಕೈ ಕೆಳಗಿನಿಂದ, ದಾಂಡಿಗನಿಗೆ ಹೊಡೆಯಲು ಅನುಕೂಲವಾಗುವಂತೆ ಒದಗಿಸಿಕೊಡಬೇಕಾಗಿತ್ತು. ದಾಂಡಿಗನ ಹಿಂದೆ ನಿಂತು ಚೆಂಡು ಹಿಡಿಯುವ ಕ್ಯಾಚರ್, ಕ್ರಿಕೆಟ್ಟಿನ ವಿಕೆಟ್‌ಕೀಪರನ ದಾಯಾದಿ, ಹಲವು ಅಡಿ ಹಿಂದೆ ನಿಂತು ನೆಲಕ್ಕೆ ಪುಟಿದು ಬರುವ ಚೆಂಡನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದನು. ಹೊಡೆದ ಚೆಂಡನ್ನು ಒಂದು ಪುಟಿತದ ಬಳಿಕ ಹಿಡಿದರೂ ದಾಂಡಿಗ ಔಟಾಗುತ್ತಿದ್ದುದರಿಂದ ಭರ್ರನೆ ಬರುವ ಚೆಂಡಿಗೆ ಎದೆಯೊಡ್ಡುವ ಅಗತ್ಯ ಯಾರಿಗೂ ಇರಲಿಲ್ಲ. ಪುಟಿದ ಚೆಂಡು ತನ್ನ ವೇಗದ ಒಂದು ಪಾಲನ್ನು ನೆಲಕ್ಕೆ ಒಪ್ಪಿಸಿ ಬರುತ್ತದೆ. ಆಟಗಾರನಿಗೆ ಬೇಕಾದ ಕಾಲವನ್ನು ಹೀಗೆ ನೆಲವೇ ಒದಗಿಸುತ್ತಿತ್ತು.

ಆದರೆ ಪುಟಿದ ಚೆಂಡನ್ನು ಹಿಡಿಯುವುದು ಹುಡುಗಾಟಿಕೆ, ಗಾಳಿಯಲ್ಲೇ ಹಿಡಿಯುವುದು ಗಂಡಸುತನ ಎಂಬ ವಾದ ಬಲವಾಯಿತು. 1864ರ ಡಿಸೆಂಬರಿನಲ್ಲಿ ಸೇರಿದ ಕ್ಲಬ್ಬುಗಳ ಸಭೆ ಹದ್ದಿನೊಳಗಿನ ಹೊಡೆತಗಳಿಗೆ ಪುಟಿತದ ನಿಯಮವನ್ನು ರದ್ದುಮಾಡಿತು. ಇಂಗ್ಲಿಷ್ ಕ್ರಿಕೆಟ್ ಆಟಗಾರನ ಮಗನಾಗಿ ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನಲ್ಲಿ ಬೆಳೆದ ಹ್ಯಾರಿ ರೈಟ್ 1869ರಲ್ಲಿ ಸಿನ್ಸಿನಾಟಿಯ ಬಹಿರಂಗ ವೃತ್ತಿಪರ ತಂಡವನ್ನು ಕಟ್ಟಿದ ಮೇಲೆ ಗೆಲುವಿಗೆ ಹಣದ ಬೆಲೆ ಬಂದು, ಪಿಚರರು ಮಣಿಕಟ್ಟನ್ನು ತಿರುಗಿಸಿ ಚೆಂಡಿಗೆ ವೇಗವನ್ನೂ ಬಾಗನ್ನೂ ಕೊಡತೊಡಗಿದರು. ಓಟಗಾರರನ್ನು ತಡೆಯಲು ಕ್ಯಾಚರ್ ದಾಂಡಿಗನ ಬೆನ್ನ ಹಿಂದೆಯೇ ಬಂದು ನಿಲ್ಲಬೇಕಾಯಿತು. ಅಲ್ಲಿ ಅವನಿಗೆ ಎದುರಾದ ದೊಡ್ಡ ಗಂಡಾಂತರ ನೇರ ಎಸೆತದ್ದಲ್ಲ. ಬ್ಯಾಟಿನ ಅಂಚಿಗೆ ಸವರಿ ದಿಕ್ಕು ತಪ್ಪಿ ಬರುವ ಚೆಂಡಿನದು. ಬ್ಯಾಟಿನಿಂದ ಮುಖಕ್ಕೆ ನಾಲ್ಕೈದು ಅಡಿಗಳಷ್ಟೇ ಇದ್ದಾಗ ಆ ಬದಲಾವಣೆಗೆ ಪ್ರತಿಕ್ರಿಯೆ ಎಂಬುದೇ ಅಸಾಧ್ಯ, ಏಕೆಂದರೆ ಕಣ್ಣು ಅದನ್ನು ಮಿದುಳಿಗೆ ತಿಳಿಸುವ ಮೊದಲೇ ಚೆಂಡು ಬಂದು ಬಡಿದಿರುತ್ತದೆ. 1870ರ ದಶಕದ ಕ್ಯಾಚರರು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಹಲ್ಲುಗಳ ನಡುವೆ ರಬ್ಬರ್ ತುಂಡೊಂದನ್ನು ಕಚ್ಚಿ ನಿಲ್ಲುವುದು. ಮೂಗು, ಕಣ್ಣು, ಕೆನ್ನೆಮೂಳೆಗಳನ್ನು ದೈವಕ್ಕೆ ಬಿಟ್ಟಿದ್ದರು.

ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡದ ನಾಯಕನಾಗಿದ್ದ ಫ್ರೆಡ್ ಥೇಯರ್‌ಗೆ ಒಬ್ಬ ಒಳ್ಳೆಯ ಕ್ಯಾಚರ್ ಬೇಕಾಗಿದ್ದನು. ಜೇಮ್ಸ್ ಟಿಂಗ್ ಎಂಬ ಸಹಪಾಠಿ ಆ ಕೆಲಸಕ್ಕೆ ತಕ್ಕವನಾಗಿದ್ದರೂ ಮುಖಕ್ಕೆ ಪೆಟ್ಟು ತಿನ್ನಲು ಸಿದ್ಧನಿರಲಿಲ್ಲ. ಥೇಯರ್ ಕತ್ತಿವರಸೆಯವರು ಧರಿಸುವ ಬಲೆಮುಖವಾಡವನ್ನು ಮಾದರಿಯಾಗಿಟ್ಟುಕೊಂಡು, ಕತ್ತಿಯ ಮೊನೆಯನ್ನು ತಡೆಯುವ ಸಣ್ಣ ಬಲೆಯ ಬದಲಿಗೆ ಚೆಂಡನ್ನು ತಡೆದರೂ ನೋಟವನ್ನು ಮರೆಮಾಡದ ದಪ್ಪ ತಂತಿಗಳ ಪಂಜರವನ್ನು ಮಾಡಿಸಿದನು. ಅದರ ನಿಜವಾದ ಜಾಣ್ಮೆ ತಂತಿಯಲ್ಲಿರಲಿಲ್ಲ, ಹಣೆ ಮತ್ತು ಗಲ್ಲದ ಮೇಲೆ ಕೂರುವ ಮೆತ್ತೆಗಳಲ್ಲಿತ್ತು; ಚೆಂಡಿನ ಪೆಟ್ಟನ್ನು ಮುಖದ ತೆಳು ಮೂಳೆಗಳಿಂದ ತಪ್ಪಿಸಿ ತಲೆಬುರುಡೆಯ ಗಟ್ಟಿ ಭಾಗಗಳಿಗೆ ಅವು ಹಂಚುತ್ತಿದ್ದವು. 1877ರ ಏಪ್ರಿಲ್‌ನಲ್ಲಿ ಟಿಂಗ್ ಅದನ್ನು ಪಂದ್ಯದಲ್ಲಿ ಧರಿಸಿದನು, 1878ರ ಫೆಬ್ರವರಿ 12ರಂದು ಥೇಯರ್‌ಗೆ ಅದರ ಪೇಟೆಂಟ್ ದೊರೆಯಿತು. ಪ್ರೇಕ್ಷಕರು ನಕ್ಕರು, ಪತ್ರಿಕೆಗಳು ಹಕ್ಕಿಪಂಜರವೆಂದೂ ಇಲಿಬೋನೆಂದೂ ಗೇಲಿಮಾಡಿದವು. ಗೇಲಿಗಿಂತ ವ್ಯಾಪಾರ ವೇಗವಾಗಿ ಸಾಗಿತು: ಪಿಚರನಾಗಿ ಹೆಸರು ಮಾಡಿ 1876ರಲ್ಲಿ ಶಿಕಾಗೋದಲ್ಲಿ ಕ್ರೀಡಾಸಾಮಗ್ರಿಯ ಅಂಗಡಿ ತೆರೆದಿದ್ದ ಆಲ್ಬರ್ಟ್ ಸ್ಪಾಲ್ಡಿಂಗ್ ಅಂತಹುದೇ ಮುಖವಾಡವನ್ನು ಮಾರತೊಡಗಿ, ಥೇಯರ್ ನ್ಯಾಯಾಲಯಕ್ಕೆ ಹೋದ ಮೇಲೆ ಅವನಿಗೆ ಗೌರವಧನ ತೆರಬೇಕಾಯಿತು.

ಮುಖವಾಡ ಕ್ಯಾಚರನ ಮುಖವನ್ನು ಉಳಿಸಿತೆಂಬುದು ನಿಜ. ಆದರೆ ಅದರೊಂದಿಗೆ ಒಂದು ಕೊಡುಕೊಳ್ಳುವಿಕೆಯೂ ನಡೆಯಿತು. ಪುಟಿತಕ್ಕೆ ಕಾಯದೆ ನೇರವಾಗಿ ಹಿಡಿಯಬಲ್ಲ ಕ್ಯಾಚರ್ ದೊರೆತ ಮೇಲೆ ಪಿಚರ್ ತನ್ನ ಪೂರ್ಣ ವೇಗವನ್ನು ಅಳುಕಿಲ್ಲದೆ ಬಳಸಬಲ್ಲವನಾದನು. 1881ರಲ್ಲಿ ಅಂತರವನ್ನು 50 ಅಡಿಗೆ ಏರಿಸಿದರೂ, 1884ರಲ್ಲಿ ವೃತ್ತಿಪರ ತಂಡಗಳ ಒಕ್ಕೂಟವಾದ ನ್ಯಾಷನಲ್ ಲೀಗ್ ತೋಳನ್ನು ಭುಜದ ಮೇಲಿಂದ ಬೀಸಿ ಎಸೆಯಲು ಅನುಮತಿ ಕೊಟ್ಟಿತು. 1901ರ ಹೊತ್ತಿಗೆ ಕ್ಯಾಚರ್ ದಾಂಡಿಗನ ಹಿಂದೆ ಹತ್ತು ಅಡಿಗಳೊಳಗೇ ನಿಲ್ಲಬೇಕೆಂಬುದು ಆ ಲೀಗಿನ ನಿಯಮವೇ ಆಯಿತು. ಸಲಕರಣೆಯಿಂದ ಸಂಪಾದಿಸಿದ ಸುರಕ್ಷತೆಯನ್ನು ಆಟ ತನ್ನ ಬಳಿ ಉಳಿಸಿಕೊಳ್ಳಲಿಲ್ಲ, ವೇಗಕ್ಕಾಗಿ ವ್ಯಯಿಸಿತು. ಇದರ ಫಲವನ್ನು ಉಂಡವನು ಕ್ಯಾಚರನಲ್ಲ, ವೇಗದ ಎಸೆತ ಬ್ಯಾಟಿಗೆ ಬಡಿದು ಅಷ್ಟೇ ವೇಗವಾಗಿ ಯಾರತ್ತ ತಿರುಗಿತೋ ಆ ಬರಿಮುಖದ ಕ್ಷೇತ್ರರಕ್ಷಕ.

ಅವನಿಗೆ ದೊರೆತದ್ದು ಕೈಗವಸು, ಅದೂ ನಾಚಿಕೆಯ ಜತೆಗೆ. 1875ರಲ್ಲಿ ಬಾಸ್ಟನ್ನಿನಲ್ಲಿ ಚಾರ್ಲ್ಸ್ ವೇಟ್ ಎಂಬ ಆಟಗಾರ ಯಾರ ಕಣ್ಣಿಗೂ ಬೀಳದಿರಲೆಂದು ಮೈಬಣ್ಣದ ಗವಸು ತೊಟ್ಟು ಆಡಿದ್ದನ್ನು ಸ್ಪಾಲ್ಡಿಂಗ್ ತನ್ನ 1911ರ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಎರಡು ವರ್ಷಗಳ ಬಳಿಕ ಸ್ಪಾಲ್ಡಿಂಗ್ ತಾನೇ ಕಪ್ಪು ಗವಸು ಹಾಕಿಕೊಂಡು ಮೈದಾನಕ್ಕಿಳಿದನು. ಅಂಗಡಿಯ ಮಾಲೀಕನಿಗೆ ನಾಚಿಕೆ ಸ್ವಲ್ಪ ಕಡಿಮೆಯಿರುವುದು ಸಹಜ. ಸಿನ್ಸಿನಾಟಿಯ ಬಿಡ್ ಮ್ಯಾಕ್‌ಫೀ 1896ರವರೆಗೂ ಬರಿಗೈಯಲ್ಲೇ ಆಡಿದನು. ಆರಂಭದ ಗವಸುಗಳು ಅಂಗೈಯ ಉರಿಯನ್ನು ತಗ್ಗಿಸಲಷ್ಟೇ ಇದ್ದವು. ಬಿಲ್ ಡೋಕ್ ಎಂಬ ಪಿಚರ್ 1919–20ರ ಸುಮಾರಿಗೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚರ್ಮದ ದಾರಗಳ ಜಾಲಿಯನ್ನು ಹೆಣೆಸಿದ ಮೇಲೆ ಗವಸು ಬಲೆಯಾಯಿತು: ಚೆಂಡಿನ ದಾರಿಗೆ ಕೈಯನ್ನು ಕೂದಲೆಳೆಯಷ್ಟು ನಿಖರವಾಗಿ ತರಬೇಕಾಗಿಲ್ಲ, ಹತ್ತಿರ ತಂದರೆ ಸಾಕು. ಪ್ರತಿಕ್ರಿಯಾ ಕಾಲದ ದೃಷ್ಟಿಯಿಂದ ನೋಡಿದರೆ ದೊಡ್ಡ ಗವಸು ಮಾಡುವ ಉಪಕಾರ ಇದೇ; ಅದು ಕಾಲವನ್ನು ಹೆಚ್ಚಿಸುವುದಿಲ್ಲ, ಆ ಕಾಲದಲ್ಲಿ ಮುಗಿಸಬೇಕಾದ ಕೆಲಸವನ್ನು ಕಡಿಮೆಮಾಡುತ್ತದೆ. ಪಿಚರನಿಗೆ ಮಾತ್ರ ಈ ಉಪಕಾರ ಅರ್ಧಕ್ಕರ್ಧ ವ್ಯರ್ಥ, ಏಕೆಂದರೆ ಎಸೆತ ಮುಗಿದ ಗಳಿಗೆಯಲ್ಲಿ ಅವನ ಮೈ ಒಂದು ಕಡೆಗೆ ತಿರುಗಿ, ಗವಸಿನ ಕೈ ಪಕ್ಕೆಯ ಬಳಿ ಸಿಕ್ಕಿಕೊಂಡು, ತಲೆ ಮುಂದಕ್ಕೆ ಚಾಚಿರುತ್ತದೆ.

1893ರ ಪ್ರಸಿದ್ಧ ನಿಯಮವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅದಕ್ಕೆ ಮೊದಲು ಪಿಚರ್ ಒಂದು ಗೆರೆಪೆಟ್ಟಿಗೆಯೊಳಗೆ ನಿಂತು ಎಸೆಯುತ್ತಿದ್ದು, ಅದರ ಹಿಂಗೆರೆ ಹೋಮ್ ಪ್ಲೇಟಿನಿಂದ 55 ಅಡಿ 6 ಅಂಗುಲ ದೂರದಲ್ಲಿತ್ತು. ಹೊಸ ನಿಯಮ ಅವನನ್ನು ಐದು ಅಡಿ ಹಿಂದಕ್ಕೆ ತಳ್ಳಿತು. ಉದ್ದೇಶ ಹೊಡೆತವನ್ನು ಹೆಚ್ಚಿಸುವುದು, ಫಲವೂ ಹಾಗೆಯೇ ಆಯಿತು: ನ್ಯಾಷನಲ್ ಲೀಗಿನಲ್ಲಿ ದಾಂಡಿಗರ ಸರಾಸರಿ, ಅಂದರೆ ಹೊಡೆಯುವ ಸರದಿಗಳಲ್ಲಿ ಸಫಲವಾದವುಗಳ ಪಾಲು, 1892ರಲ್ಲಿ .245 ಇದ್ದದ್ದು 1893ರಲ್ಲಿ .280ಕ್ಕೂ ಮರುವರ್ಷ .309ಕ್ಕೂ ಏರಿತು. ದಾಂಡಿಗನಿಗೆ ಚೆಂಡನ್ನು ನೋಡಲು ದೊರೆತ ಹೆಚ್ಚುವರಿ ಕಾಲವೇ ಪಿಚರನಿಗೆ ತನ್ನ ಮುಖ ಉಳಿಸಿಕೊಳ್ಳಲು ದೊರೆತ ಹೆಚ್ಚುವರಿ ಕಾಲವೂ ಆಯಿತೆಂಬುದು ಆಕಸ್ಮಿಕ. ಆ ಮೇಲೆ ಆಟಗಾರರು ಎತ್ತರವಾದರು, ಬಲಿಷ್ಠರಾದರು, ಬ್ಯಾಟು ಬದಲಾಯಿತು. ಆ ಅಳತೆ ಮಾತ್ರ ಪವಿತ್ರ ಸಂಖ್ಯೆಯಂತೆ ನಿಂತುಬಿಟ್ಟಿತು.

ದಾಂಡಿಗನ ಕಾಲಕ್ಕೆ ಆಟ ಕೊಟ್ಟ ಗಮನ ಮುಂದೆಯೂ ಮುಂದುವರಿಯಿತು, ಅದಕ್ಕೆ ದುರಂತದ ಕಾರಣವೂ ಒದಗಿತು. 1920ರ ಆಗಸ್ಟ್ 16ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲ್ಯಾಂಡಿನ ರೇ ಚಾಪ್‌ಮನ್ ತಲೆಗೆ ಬಡಿದು ಅವನು ಮರುದಿನ ತೀರಿಕೊಂಡನು. ಚಾಪ್‌ಮನ್ ತಪ್ಪಿಸಿಕೊಳ್ಳಲು ಅಲುಗಲೇ ಇಲ್ಲವೆಂದೂ, ಚೆಂಡು ಅವನಿಗೆ ಕಾಣಲೇ ಇಲ್ಲವೆಂಬಂತಿತ್ತೆಂದೂ ನೋಡಿದವರು ಹೇಳಿದರು. ಮಣ್ಣು, ತಂಬಾಕಿನ ಉಗುಳು ಮೆತ್ತಿ ಕಂದಾದ ಒಂದೇ ಚೆಂಡನ್ನು ಪಂದ್ಯದುದ್ದಕ್ಕೂ ಬಳಸುವ ಪದ್ಧತಿ ಆಮೇಲೆ ಕೊನೆಗೊಂಡಿತು. ಪ್ರತಿಕ್ರಿಯಾ ಕಾಲದ ಗಡಿಯಾರ ಚೆಂಡು ಹೊರಟಾಗ ಓಡತೊಡಗುವುದಿಲ್ಲ, ಚೆಂಡು ಕಂಡಾಗ ಓಡತೊಡಗುತ್ತದೆ ಎಂಬುದನ್ನು ಆಟ ಹೀಗೆ ಕಲಿತುಕೊಂಡಿತು. ಪಿಚರನ ಬೆನ್ನ ಹಿಂದೆ, ಮೈದಾನದ ಆಚೆ ತುದಿಯಲ್ಲಿ, ಬಿಳಿಯ ಚೆಂಡು ಎದ್ದುಕಾಣುವಂತೆ ಪ್ರೇಕ್ಷಕರಿಲ್ಲದ ಕಡುಬಣ್ಣದ ಹಿನ್ನೆಲೆಯೊಂದನ್ನು ಬಿಡುವ ಪದ್ಧತಿ ಬೆಳೆಯಿತು. ಅದರ ಹೆಸರೇ 'ದಾಂಡಿಗನ ಕಣ್ಣು'. ದಾಂಡಿಗನತ್ತ ಮುಖಮಾಡಿ ನಿಂತ ಪಿಚರ್ ನೋಡಬೇಕಾದದ್ದು ಮಾತ್ರ ಬಣ್ಣಬಣ್ಣದ ಅಂಗಿಗಳ ಜನಸಂದಣಿಯನ್ನು, ಅವನಿಗಾಗಿ ಯಾರೂ ಪರದೆ ಕಟ್ಟಲಿಲ್ಲ. ವಿಜ್ಞಾನವೂ ಇದೇ ಪಕ್ಷಪಾತವನ್ನು ತೋರಿತು. 1921ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮನಃಶಾಸ್ತ್ರ ಪ್ರಯೋಗಶಾಲೆಯಲ್ಲಿ ದೂರದ ಹೊಡೆತಗಳಿಗೆ ಹೆಸರಾದ ಬೇಬ್ ರೂತ್‌ನನ್ನು ಪರೀಕ್ಷಿಸಿ, ಅವನ ಕಣ್ಣು ಸಾಮಾನ್ಯರಿಗಿಂತ ಶೇಕಡಾ 12ರಷ್ಟು ಚುರುಕೆಂದು ಪಾಪ್ಯುಲರ್ ಸೈನ್ಸ್ ಮಂತ್ಲಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವನು ಒಂದು ಕಾಲದಲ್ಲಿ ಪಿಚರನೂ ಆಗಿದ್ದನಾದರೂ ಅಲ್ಲಿ ಕೇಳಿದ ಪ್ರಶ್ನೆ ಅವನು ಚೆಂಡನ್ನು ಹೇಗೆ ಅಷ್ಟು ದೂರ ಹೊಡೆಯುತ್ತಾನೆ ಎಂಬುದೇ ಆಗಿತ್ತು. ದಾಂಡಿಗನ ಶಿರಸ್ತ್ರಾಣ 1940 ಮತ್ತು 50ರ ದಶಕಗಳಲ್ಲಿ ಹಂತಹಂತವಾಗಿ ಬಂದಿತು. 1967ರಲ್ಲಿ ಎಸೆದ ಚೆಂಡು ಬಡಿದು ಬಾಸ್ಟನ್ನಿನ ದಾಂಡಿಗ ಟೋನಿ ಕೊನಿಗ್ಲಿಯಾರೊನ ಕೆನ್ನೆಮೂಳೆ ಪುಡಿಯಾಗಿ ಎಡಗಣ್ಣು ಹಾಳಾದ ಅನಂತರ ಕಿವಿಯನ್ನು ಮುಚ್ಚುವ ಪಟ್ಟಿಯ ಬಳಕೆ ಹೆಚ್ಚಿತು.

ಕ್ಷೇತ್ರರಕ್ಷಕನ ಮುಖದ ಕಥೆಯಲ್ಲಿ 1957ರ ಮೇ 7ಕ್ಕೆ ಅಂತಹುದೇ ಸ್ಥಾನ ಸಲ್ಲಬೇಕಾಗಿತ್ತು. ಕ್ಲೀವ್‌ಲ್ಯಾಂಡಿನ ಎಡಗೈ ಪಿಚರ್ ಹರ್ಬ್ ಸ್ಕೋರ್ 1955ರಲ್ಲಿ, ತನ್ನ ಮೊದಲ ವರ್ಷದಲ್ಲೇ, 245 ದಾಂಡಿಗರನ್ನು ಚೆಂಡು ಮುಟ್ಟಲಾಗದಂತೆ ಔಟ್ ಮಾಡಿ, ಮರುವರ್ಷ 20 ಪಂದ್ಯಗಳನ್ನು ಗೆದ್ದು, ಆ ಪೀಳಿಗೆಯ ಶ್ರೇಷ್ಠನೆನಿಸಿಕೊಳ್ಳುವ ಹಾದಿಯಲ್ಲಿದ್ದನು. ಆ ದಿನ ಪಂದ್ಯದ ಮೊದಲ ಸರದಿಯಲ್ಲೇ ನ್ಯೂಯಾರ್ಕ್ ಯಾಂಕೀಸ್ ತಂಡದ ಗಿಲ್ ಮ್ಯಾಕ್‌ಡೂಗಲ್ಡ್ ಹೊಡೆದ ಚೆಂಡು ನೇರವಾಗಿ ಹಿಂದಿರುಗಿ ಅವನ ಬಲಗಣ್ಣಿನ ಮೇಲೆ ಬಡಿಯಿತು. ಮೂಗಿನ ಮೂಳೆಯೊಂದಿಗೆ ಮುಖದ ಬೇರೆ ಮೂಳೆಗಳೂ ಮುರಿದವು. ಮುಖದಿಂದ ಸಿಡಿದ ಚೆಂಡು ಮೂರನೆಯ ಬೇಸಿನ ಆಲ್ ಸ್ಮಿತ್‌ನ ಬಳಿ ಹೋಗಿ, ಅವನು ಅದನ್ನು ಮೊದಲನೆಯ ಬೇಸಿಗೆ ಎಸೆದು ಮ್ಯಾಕ್‌ಡೂಗಲ್ಡ್‌ನನ್ನು ಔಟ್ ಮಾಡಿದನು. ಅಂಕಪುಸ್ತಕದ ಮಟ್ಟಿಗೆ ಅದು ಮೂವರು ಕ್ಷೇತ್ರರಕ್ಷಕರು ಪಾಲ್ಗೊಂಡ ಒಂದು ಮಾಮೂಲಿ ಔಟ್. ಸ್ಕೋರ್‌ನ ಕಣ್ಣು ಹೋದರೆ ತಾನು ಆಟ ಬಿಡುವೆನೆಂದು ಮ್ಯಾಕ್‌ಡೂಗಲ್ಡ್ ಹೇಳಿಕೊಂಡನು. ಕಣ್ಣು ಉಳಿಯಿತು, ಪಿಚರನ ಹಿರಿಮೆ ಮರಳಲಿಲ್ಲ. ಅದಕ್ಕೆ ಕಾರಣ ಚೆಂಡಿನ ಪೆಟ್ಟಲ್ಲ, 1958ರಲ್ಲಿ ಮೊಣಕೈಗಾದ ಗಾಯ ಎಂದು ಸ್ಕೋರ್ ಕೊನೆಯವರೆಗೂ ಹೇಳುತ್ತಿದ್ದನು, ಅವನ ಮಾತನ್ನು ಬದಿಗಿಟ್ಟು ದಂತಕಥೆಯನ್ನು ನಂಬಲು ಕಾರಣವಿಲ್ಲ. ಗಮನಿಸಬೇಕಾದದ್ದು ಬೇರೆಯೇ ಇದೆ: ಚಾಪ್‌ಮನ್ ಸತ್ತ ಮೇಲೆ ಚೆಂಡು ಬದಲಾಯಿತು, ಕೊನಿಗ್ಲಿಯಾರೊನ ಕಣ್ಣು ಹಾಳಾದ ಮೇಲೆ ಶಿರಸ್ತ್ರಾಣ ಬದಲಾಯಿತು, ಸ್ಕೋರ್ ಬಿದ್ದ ಮೇಲೆ ಯಾವ ನಿಯಮವೂ ಬದಲಾಗಲಿಲ್ಲ. ಎಸೆದ ಚೆಂಡಿನ ಪೆಟ್ಟಿಗೆ ಹೊಣೆಗಾರನೊಬ್ಬನಿರುತ್ತಾನೆ, ಎಸೆದವನ ಮನಸ್ಸನ್ನು ಶಂಕಿಸಬಹುದು. ಹೊಡೆದ ಚೆಂಡಿನ ಪೆಟ್ಟನ್ನು ಮಾತ್ರ ಸಿಡಿಲಿನಂತೆ ವಿಧಿಯ ಲೆಕ್ಕಕ್ಕೆ ಬರೆಯುವುದು ರೂಢಿ.

ಅದೇ 1957ರಲ್ಲಿ ವೈದ್ಯಕೀಯವು ಇಂತಹ ಗಾಯಗಳಿಗೆ ಹೊಸ ಹೆಸರೊಂದನ್ನು ಕೊಟ್ಟಿತು. ಕಣ್ಣುಗುಡ್ಡೆ ಕೂತಿರುವ ಎಲುಬಿನ ಗೂಡಿಗೆ ಅಂಚು ಗಟ್ಟಿ, ತಳ ಮಾತ್ರ ಕಾಗದದಷ್ಟು ತೆಳು. ಗೂಡಿನ ಬಾಯಿಗಿಂತ ದೊಡ್ಡದಾದ ಚೆಂಡೊಂದು ಬಂದು ಬಡಿದಾಗ ಅಂಚು ಉಳಿದರೂ ಒಳಗಿನ ಒತ್ತಡಕ್ಕೆ ತಳ ಒಡೆದು, ಕಣ್ಣಿನ ಸ್ನಾಯು ಆ ಬಿರುಕಿನಲ್ಲಿ ಸಿಕ್ಕಿಕೊಂಡು, ನೋಟ ಎರಡಾಗುವುದುಂಟು. ಬೈರನ್ ಸ್ಮಿತ್ ಮತ್ತು ವಿಲಿಯಂ ರೀಗನ್ ಎಂಬ ಅಮೆರಿಕದ ವೈದ್ಯರು ಇದಕ್ಕೆ 'ಬ್ಲೋ-ಔಟ್' ಮುರಿತ, ಅಂದರೆ ಒಳಗಿನಿಂದ ಸಿಡಿದ ಮುರಿತ, ಎಂದು ಹೆಸರಿಟ್ಟರು. ಅವರ ರೋಗಿ ಗಾಯಗೊಂಡಿದ್ದು ಐರಿಷರ ಹರ್ಲಿಂಗ್ ಆಟದ ಚೆಂಡಿನಿಂದ. ಅಂತಹುದೇ ಚೆಂಡನ್ನು ಶವವೊಂದರ ಕಣ್ಣಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು ಅವರು ತಮ್ಮ ವಾದವನ್ನು ಸಾಧಿಸಿದರು. ಒಂಬತ್ತು ಅಂಗುಲ ಸುತ್ತಳತೆಯ, 142ರಿಂದ 149 ಗ್ರಾಂ ತೂಗುವ ಬೇಸ್‌ಬಾಲ್ ಚೆಂಡು ಈ ಕೆಲಸಕ್ಕೆ ಹರ್ಲಿಂಗ್ ಚೆಂಡಿಗಿಂತ ಕಡಿಮೆಯದೇನಲ್ಲ.

ಮಕ್ಕಳ ಮತ್ತು ಹೆಂಗಸರ ಆಟಗಳಲ್ಲಿ ಅಳತೆಗಳು ಪವಿತ್ರವಾಗಿರಲಿಲ್ಲ, ಹಾಗಾಗಿ ಅಲ್ಲಿ ವಿವೇಕಕ್ಕೆ ಸ್ವಲ್ಪ ಎಡೆಯಿತ್ತು. ಯುದ್ಧಕಾಲದಲ್ಲಿ, 1943ರಲ್ಲಿ, ಆರಂಭವಾದ ಅಖಿಲ ಅಮೆರಿಕ ಮಹಿಳಾ ವೃತ್ತಿಪರ ಲೀಗ್ ಹನ್ನೆರಡು ಅಂಗುಲ ಸುತ್ತಳತೆಯ ದೊಡ್ಡ ಚೆಂಡು, ಕೈ ಕೆಳಗಿನ ಎಸೆತ, 40 ಅಡಿಗಳ ಅಂತರದೊಂದಿಗೆ ತೊಡಗಿ, ಚೆಂಡು ಚಿಕ್ಕದಾದಂತೆ, ಎಸೆತ ಭುಜದ ಮೇಲಕ್ಕೇರಿದಂತೆ ಅಂತರವನ್ನೂ ಬೆಳೆಸುತ್ತ ಹೋಗಿ, 1954ರಲ್ಲಿ ಮುಚ್ಚುವ ಹೊತ್ತಿಗೆ 60 ಅಡಿಗೆ ತಂದಿತ್ತು. ಮಕ್ಕಳ ಲಿಟ್ಲ್ ಲೀಗ್ ಸಂಸ್ಥೆಯಲ್ಲಿ ಶರೀರಶಾಸ್ತ್ರಜ್ಞ ಕ್ರೈಟನ್ ಹೇಲ್ ಮಕ್ಕಳಿಗೆ ದೊರೆಯುವ ಕಾಲವನ್ನು ಅಧ್ಯಯನ ಮಾಡಿದ ಮೇಲೆ ಅಂತರ 44ರಿಂದ 46 ಅಡಿಗೆ ಸರಿಯಿತು. ಎರಡು ಕಿವಿಗಳನ್ನೂ ಮುಚ್ಚುವ ಶಿರಸ್ತ್ರಾಣದ ಹಿಂದೆಯೂ ಅವನ ಶ್ರಮವಿತ್ತು. ಆದರೆ ಇದೇ ಮಕ್ಕಳ ಆಟ 1970ರ ದಶಕದ ಆರಂಭದಲ್ಲಿ ಅಲ್ಯೂಮಿನಿಯಂ ಬ್ಯಾಟನ್ನೂ ಒಪ್ಪಿಕೊಂಡಿತು, ಕಾಲೇಜುಗಳ ಆಟ 1974ರಲ್ಲಿ ಅದನ್ನು ಹಿಂಬಾಲಿಸಿತು. ಮರದ ಬ್ಯಾಟು ಮುರಿಯುತ್ತದೆ, ಲೋಹದ್ದು ಮುರಿಯುವುದಿಲ್ಲ ಎಂಬ ಮಿತವ್ಯಯದ ಲೆಕ್ಕ ಅದರ ಹಿಂದಿತ್ತು. ಟೊಳ್ಳಾದ ಲೋಹದ ಗೋಡೆ ಚೆಂಡು ಬಡಿದಾಗ ಒಳಕ್ಕೆ ಬಾಗಿ ಮತ್ತೆ ಚಿಮ್ಮುವುದರಿಂದ ಚೆಂಡಿನ ವೇಗ ಹೆಚ್ಚಾಗುತ್ತದೆಯೆಂಬುದೂ, ಹಗುರವಾದ ಬ್ಯಾಟನ್ನು ಹೆಚ್ಚು ವೇಗವಾಗಿ ಬೀಸಬಹುದೆಂಬುದೂ ಆ ಲೆಕ್ಕದಲ್ಲಿ ಬಂದಿರಲಿಲ್ಲ. 2003ರಲ್ಲಿ ಮೊಂಟಾನಾ ರಾಜ್ಯದ ಹದಿಹರೆಯದ ಪಿಚರೊಬ್ಬನು ಇಂತಹ ಹೊಡೆತದಿಂದ ಸತ್ತು, ಅಪಾಯದ ಎಚ್ಚರಿಕೆ ನೀಡದಿದ್ದ ತಯಾರಕರು ಪರಿಹಾರ ಕೊಡಬೇಕೆಂದು 2009ರಲ್ಲಿ ನ್ಯಾಯಮಂಡಳಿ ತೀರ್ಪಿತ್ತಿತು. 2007ರಲ್ಲಿ ನ್ಯೂಯಾರ್ಕ್ ನಗರಸಭೆ ಮೇಯರನ ನಿರಾಕರಣೆಯನ್ನು ಮೀರಿ ಪ್ರೌಢಶಾಲಾ ಪಂದ್ಯಗಳಲ್ಲಿ ಲೋಹದ ಬ್ಯಾಟನ್ನು ನಿಷೇಧಿಸಿತು. ಕೊನೆಗೆ 2011ರಲ್ಲಿ ಕಾಲೇಜುಗಳಿಗೂ ಮರುವರ್ಷ ಶಾಲೆಗಳಿಗೂ ಅನ್ವಯಿಸಿದ ಹೊಸ ಮಾನದಂಡ ಲೋಹದ ಬ್ಯಾಟಿನ ಚಿಮ್ಮುಗೆಯನ್ನು ಮರದ ಬ್ಯಾಟಿನ ಆಸುಪಾಸಿಗೆ ಇಳಿಸಿತು. ಈ ಇಡೀ ಚರಿತ್ರೆಯಲ್ಲಿ ಕ್ಷೇತ್ರರಕ್ಷಕನ ಕಾಲವನ್ನು ಉದ್ದೇಶಪೂರ್ವಕವಾಗಿ ಲೆಕ್ಕಕ್ಕೆ ತೆಗೆದುಕೊಂಡ ಕೆಲವೇ ನಿರ್ಧಾರಗಳಲ್ಲಿ ಇದೊಂದು.

ಮುಖರಕ್ಷೆ ಕ್ಷೇತ್ರರಕ್ಷಕರಿಗೆ ನಿಜವಾಗಿ ಒಗ್ಗಿದ್ದು ಸಾಫ್ಟ್‌ಬಾಲಿನಲ್ಲಿ. 1887ರಲ್ಲಿ ಶಿಕಾಗೋದ ಒಂದು ದೋಣಿ ಕ್ಲಬ್ಬಿನ ಒಳಾಂಗಣದಲ್ಲಿ ಮುಷ್ಟಿಯುದ್ಧದ ಗವಸನ್ನು ಚೆಂಡಿನಂತೆ ಬಿಗಿದು ಕಟ್ಟಿ, ಪೊರಕೆಯ ಕೋಲಿನಿಂದ ಹೊಡೆದು ಹುಟ್ಟಿದ ಆಟವಿದು. ಹೆಸರಿನ ಮೃದುತ್ವ ಚೆಂಡಿನಲ್ಲಿ ಬಹುಕಾಲ ಉಳಿಯಲಿಲ್ಲ. ಹೆಂಗಸರ ಆಟದಲ್ಲಿ ಬೇಸುಗಳ ನಡುವೆ 60 ಅಡಿ, ಪಿಚರಳಿಗೆ 43 ಅಡಿ. ಪ್ರೌಢಶಾಲೆಗಳಲ್ಲಿ 2010ರವರೆಗೆ 40 ಅಡಿಯೇ ಇತ್ತು. ಆ ಮೂರು ಅಡಿಗಳಿಂದ ಹುಡುಗಿಯರಿಗೆ ದೊರೆತದ್ದು, ಗಂಟೆಗೆ 70 ಮೈಲಿಯ ಹೊಡೆತಕ್ಕೆ, ಸೆಕೆಂಡಿನ ನೂರರಲ್ಲಿ ಮೂರು ಭಾಗ. ಬಂಟ್ ತಡೆಯಲು ಒಂದನೆಯ ಮತ್ತು ಮೂರನೆಯ ಬೇಸಿನವರು ಪಿಚರಳಷ್ಟೇ ಹತ್ತಿರ ಬಂದು ನಿಲ್ಲಬೇಕಾಗುವುದರಿಂದ ಅಲ್ಲಿ ಬಿಸಿಮೂಲೆಗಳು ಮೂರು. ಈ ಶತಮಾನದ ಆರಂಭದ ವರ್ಷಗಳಿಂದ ತೆಳುವಾದ ಲೋಹದ ಕಂಬಿಗಳ ಅಥವಾ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಖರಕ್ಷೆಗಳನ್ನು ತಲೆಯ ಹಿಂದೆ ಪಟ್ಟಿ ಬಿಗಿದು ಧರಿಸುವುದು ಮೊದಲು ಚಿಕ್ಕ ಹುಡುಗಿಯರಲ್ಲಿ, ಆಮೇಲೆ ಅವರೇ ಬೆಳೆದು ಕಾಲೇಜು ಸೇರಿದಂತೆ ಅಲ್ಲಿಯೂ ಹಬ್ಬಿತು. ಬಹುತೇಕ ಕಡೆ ಅದು ನಿಯಮದ ಕಡ್ಡಾಯವಲ್ಲ, ತಾಯ್ತಂದೆಯರ ಮತ್ತು ತರಬೇತುದಾರರ ಒತ್ತಾಯ. ತಂಡದ ಬಣ್ಣದಲ್ಲಿ ದೊರೆಯುವ ಆ ರಕ್ಷೆ ಕೆಲವೇ ವರ್ಷಗಳಲ್ಲಿ ಉಡುಪಿನ ಒಂದು ಭಾಗವಾಯಿತು. ಗಂಡಸುತನವನ್ನು ಸಾಬೀತುಪಡಿಸಬೇಕಾದ ಹೊರೆ ಈ ಆಟಗಾರ್ತಿಯರ ಮೇಲಿಲ್ಲದ್ದು ಅವರ ಹಲ್ಲುಗಳಿಗೂ ಕೆನ್ನೆಗಳಿಗೂ ಒಳ್ಳೆಯದೇ ಆಯಿತು.

ಗಂಡಸರ ವೃತ್ತಿಪರ ಆಟದಲ್ಲಿ ಮೈದಾನಕ್ಕೆ ಶಿರಸ್ತ್ರಾಣ ಧರಿಸಿ ಬಂದ ಇಬ್ಬರು ಪ್ರಸಿದ್ಧ ಕ್ಷೇತ್ರರಕ್ಷಕರ ಕಾರಣಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಡಿಕ್ ಆಲೆನ್ ಅದನ್ನು ಧರಿಸಿದ್ದು ಫಿಲಡೆಲ್ಫಿಯಾದ ಪ್ರೇಕ್ಷಕರು ತೂರುತ್ತಿದ್ದ ವಸ್ತುಗಳಿಂದ ತಪ್ಪಿಸಿಕೊಳ್ಳಲು; ಜಾನ್ ಓಲರೂಡ್ ಧರಿಸಿದ್ದು ಮಿದುಳಿನ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರಿಂದ. ಹೊಡೆತದ ಚೆಂಡಿನ ಭಯ ಇಬ್ಬರ ಮೂಲ ಕಾರಣವೂ ಅಲ್ಲ. 2007ರಲ್ಲಿ ಮೊದಲ ಬೇಸಿನ ಬಳಿ ನಿಂತಿದ್ದ ತರಬೇತುದಾರ ಮೈಕ್ ಕೂಲ್‌ಬಾ ಹೊಡೆತವೊಂದು ಬಡಿದು ಸತ್ತ ಬಳಿಕ, ಮರುವರ್ಷದಿಂದ ಬೇಸುಗಳ ಬಳಿ ನಿಲ್ಲುವ ತರಬೇತುದಾರರಿಗೆ ಶಿರಸ್ತ್ರಾಣ ಕಡ್ಡಾಯವಾಯಿತು. ಚೆಂಡಿಗೆ ಹೆಚ್ಚು ಹತ್ತಿರವಿರುವ ಪಿಚರ್ ಬಟ್ಟೆಯ ಟೋಪಿಯಲ್ಲೇ ಉಳಿದನು. 2012ರಲ್ಲಿ ಹೊಡೆತವೊಂದು ಬಡಿದು ಪಿಚರ್ ಬ್ರ್ಯಾಂಡನ್ ಮೆಕಾರ್ಥಿಯ ತಲೆಬುರುಡೆ ಬಿರಿದು ಮಿದುಳಿನ ಹೊರಗೆ ರಕ್ತ ಒಸರಿದ ಮೇಲೆ ಮೆತ್ತೆಯಿರುವ ಟೋಪಿಯ ಚರ್ಚೆ ಬಿರುಸಾಯಿತು, 2014ರ ಜನವರಿಯಲ್ಲಿ ಅಂತಹ ಒಂದು ಟೋಪಿಗೆ ಅನುಮತಿಯೂ ದೊರೆಯಿತು. ಗಾಯಗೊಂಡಿದ್ದ ಮೆಕಾರ್ಥಿಯೇ ಅದು ದಪ್ಪವೆಂದೂ ಸೆಕೆಯೆಂದೂ ತಿರಸ್ಕರಿಸಿದನು. ಅದೇ ವರ್ಷದ ಜೂನ್‌ನಲ್ಲಿ ಪಿಚರ್ ಅಲೆಕ್ಸ್ ಟೊರೆಸ್ ಅದನ್ನು ಧರಿಸಿ ಎಸೆದಾಗ ವಿಡಿಯೊ ಆಟದ ಮಾರಿಯೊನ ಟೋಪಿಗೆ ಹೋಲಿಸಿ ನಕ್ಕರು. 1877ರ ಹಕ್ಕಿಪಂಜರದ ನಗೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಮೇಲಾಗಿ ಆ ಟೋಪಿ ಕಾಪಾಡುವುದು ಹಣೆ ಮತ್ತು ಕಪಾಲವನ್ನು. ಅನುಮತಿ ದೊರೆತ ಎರಡೇ ತಿಂಗಳಲ್ಲಿ, ಮಾರ್ಚ್ 19ರ ಅಭ್ಯಾಸ ಪಂದ್ಯದಲ್ಲಿ, ಆ ಕಾಲದ ಅತಿವೇಗದ ಪಿಚರ್ ಅರೊಲ್ಡಿಸ್ ಚಾಪ್‌ಮನ್ ಎಸೆದ ಚೆಂಡು ಸಾಲ್ವಡಾರ್ ಪೆರೆಸ್‌ನ ಬ್ಯಾಟಿನಿಂದ ಮರಳಿ ಅವನ ಎಡಗಣ್ಣಿನ ಮೇಲ್ಭಾಗಕ್ಕೆ ಬಡಿದು, ಮುರಿದ ಮೂಳೆಗೆ ಲೋಹದ ಪಟ್ಟಿ ಕೂರಿಸಬೇಕಾಯಿತು.

ಬ್ಯಾಟಿಗೆ ತೀರ ಹತ್ತಿರ ನಿಲ್ಲುವ ಕ್ಷೇತ್ರರಕ್ಷಕನ ಈ ಪಾಡು ಕನ್ನಡದ ಕ್ರಿಕೆಟ್ ಪ್ರೇಮಿಗಳಿಗೆ ಅಪರಿಚಿತವಲ್ಲ: 1998ರಲ್ಲಿ ಢಾಕಾದಲ್ಲಿ ಶಿರಸ್ತ್ರಾಣವಿಲ್ಲದೆ ಶಾರ್ಟ್‌ಲೆಗ್‌ನಲ್ಲಿ ನಿಂತ ರಮಣ್ ಲಾಂಬಾ ಜೀವ ಕಳೆದುಕೊಂಡನು, 2000ದಲ್ಲಿ ಅದೇ ನಗರದಲ್ಲಿ ಅನಿಲ್ ಕುಂಬ್ಳೆಯ ಎಸೆತಕ್ಕೆ ವಿಕೆಟ್ ಕಾಯುತ್ತಿದ್ದ ಸಬಾ ಕರೀಂ ಕಣ್ಣಿನ ಗಾಯದಿಂದ ಆಟದಿಂದಲೇ ದೂರವಾಗಬೇಕಾಯಿತು. ಕ್ರಿಕೆಟ್ಟಿನಲ್ಲಿ ಶಾರ್ಟ್‌ಲೆಗ್ ಒಂದು ಆಯ್ಕೆ, ನಾಯಕ ಬೇಡವೆನಿಸಿದಾಗ ಆ ಸ್ಥಾನವನ್ನು ಖಾಲಿ ಬಿಡಬಹುದು. ಬೇಸ್‌ಬಾಲಿನ ಪಿಚರ್ ನಿಲ್ಲಬೇಕಾದ ಜಾಗವನ್ನು ನಿಯಮವೇ ಗೊತ್ತುಮಾಡಿದೆ.

ಆ ಜಾಗವನ್ನು ಅಲುಗಿಸುವ ಪ್ರಯತ್ನವೊಂದೂ ನಡೆಯಿತು. ಮೇಜರ್ ಲೀಗ್ ಬೇಸ್‌ಬಾಲಿನ ಸಹಯೋಗದಲ್ಲಿ ಅಟ್ಲಾಂಟಿಕ್ ಲೀಗ್ ಎಂಬ ಸ್ವತಂತ್ರ ವೃತ್ತಿಪರ ಲೀಗ್ 2021ರ ಋತುವಿನ ಉತ್ತರಾರ್ಧದಲ್ಲಿ ಪಿಚರನ ರಬ್ಬರ್ ಪಟ್ಟಿಯನ್ನು ಒಂದು ಅಡಿ ಹಿಂದಕ್ಕೆ, 61 ಅಡಿ 6 ಅಂಗುಲಕ್ಕೆ, ಸರಿಸಿತು. ದಾಂಡಿಗನಿಗೆ ಸೆಕೆಂಡಿನ ನೂರರಲ್ಲಿ ಒಂದು ಭಾಗದಷ್ಟು ಹೆಚ್ಚು ಕಾಲ ದೊರೆತು, ಅವನು ಚೆಂಡು ಮುಟ್ಟಲಾಗದೆ ಔಟಾಗುವುದು ಕಡಿಮೆಯಾಗಲಿ ಎಂಬುದು ಆ ಪ್ರಯೋಗದ ಘೋಷಿತ ಉದ್ದೇಶವಾಗಿತ್ತು. ಅದೇ ಒಂದು ಅಡಿಯಿಂದ, ಗಂಟೆಗೆ 100 ಮೈಲಿಯ ಹೊಡೆತ ತಿರುಗಿ ಬಂದಾಗ, ಪಿಚರನ ಮುಖಕ್ಕೂ ಸೆಕೆಂಡಿನ ಸಾವಿರದಲ್ಲಿ ಏಳು ಭಾಗ ಹೆಚ್ಚು ದೊರೆಯುತ್ತಿತ್ತು. ಮರುವರ್ಷ ಪಟ್ಟಿಯನ್ನು ಕಿತ್ತು 1893ರ ಗುರುತಿನಲ್ಲೇ ಮತ್ತೆ ಹೂಳಲಾಯಿತು.